ಕಣಿವೆ ದಾಟದ ಹಕ್ಕಿ

ಚಿಕ್ಕಮಗಳೂರು ಸೀಮೆಯ ಮುಳ್ಳಯ್ಯನಗಿರಿಗೆ ಹೋಗಿ ಬಂದ ಭಕ್ತರು ನಮ್ಮ ವಾಚಕರಲ್ಲಿ ಅನೇಕರಿರಬಹುದು. 1,930 ಮೀಟರು ಎತ್ತರದ ಆ ಶಿಖರದಲ್ಲಿ ಮುಳ್ಳಪ್ಪಸ್ವಾಮಿಯ ಸನ್ನಿಧಿಗೆ ಕೈಮುಗಿದು ಸುತ್ತಲೂ ನೋಡಿದರೆ ಕಾಣುವುದು ಹುಲ್ಲು ಹೊದ್ದ ಬೋಳು ಗುಡ್ಡಗಳು. ಗುಡ್ಡ ಗುಡ್ಡಗಳು ಕೂಡುವ ಮಡಿಕೆಗಳಲ್ಲಿ ಮಾತ್ರ ಕಡುಹಸಿರಿನ ಒತ್ತಾದ ಮರಗಳ ಗುಂಪುಗಳು. ಇವನ್ನೇ ಶೋಲಾ ಅಡವಿಗಳೆಂದು ಕರೆಯುವರು. ಶಿಖರವನ್ನು ಕಂಡು ಧನ್ಯರಾದೆವೆಂದು ನಾವು ಮರಳುತ್ತೇವೆ. ಮಡಿಕೆಯ ಕಡೆಗೆ ಕಣ್ಣು ಹಾಯಿಸುವವರು ವಿರಳ. ಈ ಸಲ ಆ ಮಡಿಕೆಯ ನಿವಾಸಿಯಾದ ಒಂದು ಪುಟ್ಟ ಹಕ್ಕಿಯ ವಿಚಾರವನ್ನು ವಾಚಕರ ಮುಂದಿಡುತ್ತೇವೆ.

ಇದರ ಹೆಸರು ಶೋಲಾಕಿಳಿ. ಮಲೆಯಾಳ ಭಾಷೆಯಲ್ಲಿ ಕಿಳಿಯೆಂದರೆ ಹಕ್ಕಿ. ಶೋಲಾಕಿಳಿಯೆಂದರೆ ಶೋಲೆಯ ಹಕ್ಕಿ. ಗುಬ್ಬಿಗಿಂತ ಕೊಂಚ ದೊಡ್ಡದು. ಬೆನ್ನು, ತಲೆ, ಎದೆಗಳು ಮಬ್ಬಾದ ಕಡುನೀಲಿ; ಹೊಟ್ಟೆಯ ಇಕ್ಕೆಲಗಳಲ್ಲಿ ಇಟ್ಟಿಗೆಗೆಂಪಿನ ಛಾಯೆ. ಗಂಡು ಹೆಣ್ಣುಗಳಿಗೆ ರೂಪದಲ್ಲಿ ಭೇದವಿಲ್ಲ. ಮರದ ತುದಿಯಲ್ಲಿ ಕುಳಿತು ಮೆರೆಯುವ ಸ್ವಭಾವ ಇದರದಲ್ಲ. ಹಗಲಿನಲ್ಲಿಯೂ ಮುಸ್ಸಂಜೆಯಂತಿರುವ ಕಾಡಿನ ತಳದಲ್ಲಿ, ತರಗೆಲೆಗಳ ನಡುವೆ ಕುಪ್ಪಳಿಸುತ್ತ ಹುಳುಹುಪ್ಪಟೆಗಳನ್ನು ಆರಿಸಿ ತಿನ್ನುತ್ತದೆ. ಮರದ ಪೊಟರೆಯಲ್ಲಿಯೋ ಮಣ್ಣುದಿಬ್ಬದ ಬಿಲದಲ್ಲಿಯೋ ಹಾವಸೆ, ನಾರುಬೇರುಗಳನ್ನು ಹಾಸಿ ಎರಡು ಮೊಟ್ಟೆಗಳನ್ನಿಡುತ್ತದೆ. ತಾಯಿ ತಂದೆ ಇಬ್ಬರೂ ಸರದಿಯಂತೆ ಕಾವು ಕೊಡುತ್ತಾರೆ.

ಹಿಂದೊಮ್ಮೆ ಆ ಗಿರಿಶ್ರೇಣಿಯಲ್ಲಿ ಬೆಳಗಿನ ಜಾವ ಶೋಲೆಯೊಂದರ ಅಂಚಿನಲ್ಲಿ ನಾವು ಕುಳಿತಿದ್ದೆವು. ಮಂಜು ಇನ್ನೂ ಕರಗಿರಲಿಲ್ಲ. ಒಳಗಿನಿಂದ ಇಂಪಾದ ಸಿಳ್ಳಿನ ಸ್ವರವೊಂದು ಏರಿ, ಇಳಿದು, ತಿರುಗಿ ಏರಿತು. ಬಹಳ ಹೊತ್ತು ಕಾದರೂ ಹಾಡಿದವನು ಕಾಣಿಸಲಿಲ್ಲ. ಕಡೆಗೆ ಒಂದು ನೀಲಿ ನೆರಳು ಬಂಡೆಯ ಬುಡದಿಂದ ಪೊದೆಯೊಳಕ್ಕೆ ಸರಿದುದಷ್ಟೇ ನಮಗೆ ದೊರೆತ ದರ್ಶನ.

ಈ ಹಕ್ಕಿಯ ಚರಿತ್ರೆ ವಿಸ್ಮಯಕರವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು ಪ್ರಾಂತದಲ್ಲಿ ವೈದ್ಯರಾಗಿದ್ದ ಜೆರ್ಡನ್ ಎಂಬವರು ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದರು. ಬಹುಕಾಲ ಪಂಡಿತರು ಇದನ್ನು ಹಿಮಾಲಯದ ಕಡೆಯ ಗಿಡ್ಡರೆಕ್ಕೆಯ ಹಕ್ಕಿಗಳ ಬಳಗಕ್ಕೆ ಸೇರಿಸಿದ್ದರು. 2017ರಲ್ಲಿ ವಿ. ವಿ. ರಾಬಿನ್ ಮತ್ತು ಅವರ ಸಂಗಡಿಗರು ಇದರ ವಂಶವಾಹಿಯನ್ನು ಪರೀಕ್ಷಿಸಿ, ಇದು ಆ ಬಳಗದ್ದೇ ಅಲ್ಲ, ನೊಣಹಿಡುಕ ಹಕ್ಕಿಗಳ ನಂಟುಳ್ಳ ಬೇರೆಯೇ ಕುಲವೆಂದು ತೋರಿಸಿಕೊಟ್ಟರು. ನಮ್ಮ ಪಶ್ಚಿಮಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಮತ್ತೆಲ್ಲಿಯೂ ಈ ಕುಲವಿಲ್ಲ.

ಈ ಒಂದು ಕುಲದಲ್ಲಿ ಮೂರು ಜಾತಿಗಳಿವೆ. ಬಾಬಾಬುಡನ್‌ಗಿರಿ, ಬ್ರಹ್ಮಗಿರಿ, ನೀಲಗಿರಿಗಳಲ್ಲಿರುವುದು ಒಂದು. ಪಾಲಕ್ಕಾಡು ಕಣಿವೆಯ ತೆಂಕಣ ಆನೆಮಲೆ, ಪಳನಿ ಬೆಟ್ಟಗಳ ಬಿಳಿಹೊಟ್ಟೆಯದು ಎರಡನೆಯದು. ಶೆಂಕೋಟೆ ಕಣಿವೆಯ ಆಚೆಗೆ, ಅಗಸ್ತ್ಯಮಲೆಯ ಕಡೆಯದು ಮೂರನೆಯದು. ಒಂದು ಮನೆ ಮೂರಾದುದು ಹೇಗೆ? ತಂಪು ಕಾಡಿನ ಕತ್ತಲೆಗೆ ಒಗ್ಗಿದ ಈ ಹಕ್ಕಿ ಬಿಸಿಲಿನ ಬಯಲನ್ನು ದಾಟಲಾರದು. ಪಾಲಕ್ಕಾಡು ಕಣಿವೆಯ ಅಗಲ ಸುಮಾರು 30ರಿಂದ 40 ಕಿಲೋಮೀಟರು. ರೈಲಿನಲ್ಲಿ ಹೋಗುವವರಿಗೆ ಅದು ಒಂದು ಗಳಿಗೆಯ ದಾರಿ. ಶೋಲಾಕಿಳಿಗೆ ಅದು ಸಮುದ್ರ. ಲಕ್ಷಾಂತರ ವರ್ಷಗಳ ಕಾಲ ಈಚೆಯವು ಈಚೆ, ಆಚೆಯವು ಆಚೆ ಉಳಿದು, ಬಣ್ಣವೂ ಬೇರೆಯಾಗಿ, ಜಾತಿಯೇ ಬೇರೆಯಾಯಿತು. ಈ ಬೆಟ್ಟದ ನೆತ್ತಿಗಳನ್ನು ವಿಜ್ಞಾನಿಗಳು ಆಕಾಶದ ದ್ವೀಪಗಳೆಂದು ಕರೆದಿರುವುದು ಉಚಿತವಾಗಿಯೇ ಇದೆ.

ದ್ವೀಪವಾಸಿಯ ಕಷ್ಟವೂ ಇದರಲ್ಲಿಯೇ ಅಡಗಿದೆ. ಕಾಗೆಯ ಮರವನ್ನು ಕಡಿದರೆ ಅದು ಇನ್ನೊಂದು ಊರಿಗೆ ಹಾರೀತು. ಶೋಲಾಕಿಳಿಯ ಶೋಲೆ ಹೋದರೆ ಅದಕ್ಕೆ ಹೋಗಲು ಇನ್ನೊಂದು ಊರಿಲ್ಲ. ನೀಲಗಿರಿಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೇ ಚಹಾ ತೋಟ, ನೀಲಗಿರಿ ಮರ, ಅಕೇಶಿಯಾ ನೆಡುತೋಪುಗಳು ಶೋಲೆ ಮತ್ತು ಹುಲ್ಲುಗಾವಲಿನ ನೆಲವನ್ನು ಆಕ್ರಮಿಸಿದವು. ಹೀಗೆ ಪ್ರಕೃತಿ ಮಾಡಿದ ಎರಡು ಕಣಿವೆಗಳ ಜೊತೆಗೆ ಮನುಷ್ಯನು ಮಾಡಿದ ನೂರು ಕಣಿವೆಗಳು ಸೇರಿದವು. ಅಳಿವಿನಂಚಿನ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ನಮ್ಮ ಕಡೆಯ ಶೋಲಾಕಿಳಿಯೂ ಸೇರಿದೆ. ಭೂಮಿಯ ಬಿಸಿ ಏರಿದಂತೆ ತಂಪನ್ನರಸುವ ಜೀವಿಗಳು ಮೇಲಕ್ಕೆ ಸರಿಯಬೇಕಾಗುತ್ತದೆ. ಈಗಾಗಲೇ ನೆತ್ತಿಯಲ್ಲಿರುವ ಜೀವಿ ಸರಿಯುವುದಾದರೂ ಎಲ್ಲಿಗೆ?

ಒಂದು ಹಕ್ಕಿಯ ಚಿಂತೆ ಸಂಸಾರಸ್ಥರಿಗೇಕೆ ಎಂದು ಕೇಳುವವರಿರಬಹುದು. ಶೋಲೆ ಮತ್ತು ಅದರ ಸುತ್ತಣ ಹುಲ್ಲುಗಾವಲು ಮುಂಗಾರಿನ ನೀರನ್ನು ಹೀರಿ ಹಿಡಿದು, ಮಳೆ ನಿಂತ ಮೇಲೂ ಹನಿಹನಿಯಾಗಿ ಹಳ್ಳಕ್ಕೆ ಬಿಡುತ್ತವೆ. ಬಾಬಾಬುಡನ್ ಶ್ರೇಣಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರವನ್ನು ಸೇರುತ್ತವೆ. ಬಯಲುಸೀಮೆಯ ಮನೆಯ ಕೊಡದ ನೀರಿಗೂ ಆ ಹಕ್ಕಿಯ ಮನೆಗೂ ಸಂಬಂಧವಿದೆ.

ಆದುದರಿಂದ ಗಿರಿಗೆ ಹೋಗುವ ನಮ್ಮ ಮನೆಗಳವರಲ್ಲಿ ಒಂದು ವಿನಂತಿ. ಬೇಸಗೆಯ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಅಂಚಿನಲ್ಲಿ ತಲೆಯೆತ್ತುವ ಶೋಲೆಯ ಎಳೆಯ ಸಸಿಗಳೆಲ್ಲ ಬೆಂದುಹೋಗುತ್ತವೆ. ಬೆಂಕಿ ಬೇಡ, ಪ್ಲಾಸ್ಟಿಕ್ ಎಸೆಯುವುದು ಬೇಡ, ಹಾಡಿನ ಪೆಟ್ಟಿಗೆಯ ಅಬ್ಬರ ಬೇಡ. ದರ್ಶನ ಮುಗಿದ ಮೇಲೆ ಮಕ್ಕಳನ್ನು ಹತ್ತು ನಿಮಿಷ ದಾರಿಯ ಬದಿಯಲ್ಲಿಯೇ ಸದ್ದಿಲ್ಲದೆ ಕೂರಿಸಿ, ಮಡಿಕೆಯ ಕಡೆಗೆ ಕಿವಿಗೊಡಲು ಹೇಳಿರಿ. ಹಕ್ಕಿ ಕಾಣಿಸದೆ ಹೋಗಬಹುದು. ಅದರ ದನಿ ಕೇಳಿಸಿದರೆ ಆ ಕಾಡು ಇನ್ನೂ ಉಳಿದಿದೆಯೆಂದು ತಿಳಿದು ಸಮಾಧಾನದಿಂದ ಬೆಟ್ಟ ಇಳಿಯಬಹುದು.