ಕೆಲಸಕ್ಕೆ ಬಾರದ ಬಾಯಿಗಳು

ಈ ದಂಡಿಗೆಲ್ಲ ಅಡುಗೆ ಮಾಡುವವರು ಯಾರು ಎಂದು ಕೇಳಿದ್ದಕ್ಕೆ ನನ್ನ ತಂಗಿಯ ಮಗ ಬಿದ್ದು ಬಿದ್ದು ನಕ್ಕ. "ದೊಡ್ಡಮ್ಮ, ಅದೆಲ್ಲ ಇದರಲ್ಲಿ ಬರೋಲ್ಲ. ಇದು ಯುದ್ಧ" ಅಂದ. ನಕ್ಕಿದ್ದಕ್ಕೆ ನನಗೇನೂ ಕೋಪವಿಲ್ಲ. 'ಇದು ಯುದ್ಧ' ಅಂದನಲ್ಲ, ಅದಕ್ಕೆ.

ಇಂಜಿನಿಯರಿಂಗ್ ಓದಲೆಂದು ನಮ್ಮ ಮನೆಯಲ್ಲಿದ್ದಾನೆ. ರಾತ್ರಿ ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕೂತರೆ ಇಟಲಿಯನ್ನು ಗೆದ್ದ ಮೇಲೆಯೇ ಮಲಗುವುದು. ಆಟದ ಹೆಸರು 'ಯುರೋಪಾ ಯೂನಿವರ್ಸಾಲಿಸ್'. ಅದರ ನಾಲ್ಕನೆಯ ಆವೃತ್ತಿ, 2013ರಲ್ಲಿ ಸ್ವೀಡನ್ನಿನವರು ಹೊರತಂದದ್ದು. 1444ರಲ್ಲಿ ಕಾಲ ಶುರು. ಸ್ಪೇನ್, ಫ್ರಾನ್ಸ್, ವೆನಿಸ್ ಇರುವಂತೆ ನಮ್ಮ ವಿಜಯನಗರವೂ ಅದರಲ್ಲಿದೆ. ಬೇಕಾದ ರಾಜ್ಯವನ್ನು ಹಿಡಿದು ಆಳಬಹುದು.

ನಮ್ಮ ಮಹಿಳಾ ಸಮಾಜದ ಗೆಳತಿಯರು "ಹಾಳು ಆಟ, ಪ್ಲಗ್ ಕಿತ್ತು ಹಾಕಿ" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನೋಡದೆ ಬೈಯುವುದು ನನಗೆ ಸೇರದು. ಬೇಸಿಗೆ ರಜೆಯಲ್ಲಿ ಅವನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕಲಿತೆ. ಸುಳ್ಳೇಕೆ, ಚೆನ್ನಾಗಿಯೇ ಇದೆ. ಒಂದೊಂದು ಪಡೆಗೆ ಸಾವಿರ ಜನ. ಮುಂದಿನ ಸಾಲಿನಲ್ಲಿ ಕಾಲಾಳು, ಪಕ್ಕಗಳಲ್ಲಿ ಕುದುರೆ, ಹಿಂದಿನ ಸಾಲಿನಲ್ಲಿ ಫಿರಂಗಿ. ಮೊದಲು ಗುಂಡಿನ ಸುತ್ತು, ಆಮೇಲೆ ಮೈಮೇಲೆ ಬೀಳುವ ಸುತ್ತು, ಮತ್ತೆ ಗುಂಡು. ಕುದುರೆ ಅತಿಯಾದರೆ ದಂಡಿನ ಹೊಂದಿಕೆ ಕೆಡುತ್ತದೆ. ಹೊಳೆ ದಾಟಿ ದಾಳಿ ಮಾಡಿದರೆ ದಾಳದಲ್ಲಿ ಒಂದು ಅಂಕ ಹೋಯಿತು. ಬೆಟ್ಟ ಹತ್ತಿ ಮಾಡಿದರೆ ಎರಡು. ಕೆಚ್ಚು ಮುಗಿದ ಕೂಡಲೇ ಆಳುಗಳು ಉಳಿದಿದ್ದರೂ ದಂಡು ಓಡುತ್ತದೆ. ಬೆಟ್ಟದ ಮೇಲಿನ ಶತ್ರುವಿನ ಮೇಲೆ ಬಿದ್ದು ನನ್ನ ಮೊದಲ ದಂಡನ್ನು ನಾನೇ ಕಳೆದುಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ನೀವು ನಗುತ್ತೀರಿ.

ಹಾಗಾದರೆ ತಕರಾರು ಏನು? ನದಿಗೆ ಲೆಕ್ಕವಿದೆ, ಬೆಟ್ಟಕ್ಕೆ ಲೆಕ್ಕವಿದೆ, ಅನ್ನಕ್ಕೂ ಒಂದು ಲೆಕ್ಕವಿದೆ: ಪ್ರತಿ ಸೀಮೆಯೂ ಇಷ್ಟು ಸಾವಿರ ಜನರನ್ನು ಸಾಕೀತು, ಮೀರಿದರೆ ದಂಡು ಸವೆಯುತ್ತದೆ. ಸೀಮೆ ಸಾಕುತ್ತದಂತೆ! ನೆಲವೇ ಕಾಳು ಬೀಸಿ, ರೊಟ್ಟಿ ತಟ್ಟಿ, ಬಡಿಸಿ, ಪಾತ್ರೆ ತೊಳೆದಿಟ್ಟ ಹಾಗೆ.

ಆ ಕಾಲದ ದಂಡು ಹಾಗಿರಲೇ ಇಲ್ಲ. ಇಟಲಿಯ ಯುದ್ಧಗಳಲ್ಲಿ ಉದ್ದನೆಯ ಈಟಿ ಹಿಡಿದು ಹೆಸರಾದ ಜರ್ಮನ್ ಬಾಡಿಗೆ ಸೈನಿಕರ ಹಿಂದೆ ಹೆಂಗಸರು ಮಕ್ಕಳ ದೊಡ್ಡ ಮೆರವಣಿಗೆಯೇ ನಡೆಯುತ್ತಿತ್ತು. ಪಾತ್ರೆ, ಗಂಟುಮೂಟೆ ಹೊರುವುದು, ಬೇಯಿಸುವುದು, ಒಗೆಯುವುದು, ಗಾಯಕ್ಕೆ ಬಟ್ಟೆ ಕಟ್ಟುವುದು, ಬಿಡಾರದ ಕಕ್ಕಸು ಬಳಿಯುವುದು ಅವರ ಪಾಲು. ಅವರನ್ನು ಸಾಲಿನಲ್ಲಿ ನಡೆಸಲು ಒಬ್ಬ ಅಧಿಕಾರಿಯೂ ಇದ್ದ. ಅವನ ಹುದ್ದೆಯ ಹೆಸರನ್ನು ಕನ್ನಡಕ್ಕೆ ತಂದರೆ 'ಸೂಳೆಯರ ಜಮಾದಾರ'. ಕೈಹಿಡಿದ ಹೆಂಡತಿಯರೂ ಆ ಸಾಲಿನಲ್ಲಿದ್ದರು; ದುಡಿಮೆಗೆ ಸಿಕ್ಕ ಗೌರವ ಅಷ್ಟು. ನಮ್ಮಲ್ಲೂ 1520ರ ರಾಯಚೂರಿನ ಯುದ್ಧಕ್ಕೆ ಕೃಷ್ಣದೇವರಾಯನ ದಂಡು ಹೊರಟಾಗ ನೀರಿನ ಚರ್ಮದ ಚೀಲ ಹೊತ್ತವರು, ಬಟ್ಟೆ ಒಗೆಯುವವರು, ಹೆಂಗಸರು ಜತೆಗೆ ನಡೆದದ್ದನ್ನು ಪೋರ್ಚುಗೀಸಿನ ನುನಿಜ್ ಬರೆದಿಟ್ಟಿದ್ದಾನೆ. ಆ ಪರದೇಶಿಗೆ ಕಂಡದ್ದು ಈ ಆಟ ಕಟ್ಟಿದವರಿಗೆ ಕಾಣಲಿಲ್ಲ.

ಸಂಬಳದ ವಿಷಯವೂ ಹಾಗೆಯೇ. ಆಟದಲ್ಲಿ ದಂಡಿನ ಖರ್ಚಿಗೆ ಒಂದು ಗುಂಡಿಯಿದೆ. ಎಡಕ್ಕೆ ಸರಿಸಿದರೆ ಬೊಕ್ಕಸಕ್ಕೆ ಉಳಿತಾಯ, ದಂಡಿನ ಕೆಚ್ಚು ಕಡಿಮೆ. ಅರೆಹೊಟ್ಟೆಯಲ್ಲೇ ಅವರು ನಿಲ್ಲಿಸಿದ ಜಾಗದಲ್ಲಿ ನಿಂತಿರುತ್ತಾರೆ. 1522ರ ಏಪ್ರಿಲಿನಲ್ಲಿ ಮಿಲಾನಿನ ಹತ್ತಿರದ ಬಿಕೋಕಾದಲ್ಲಿ ಫ್ರಾನ್ಸಿನ ಕಡೆಯ ಸ್ವಿಸ್ ಸೈನಿಕರು ಹೀಗೆ ನಿಂತಿರಲಿಲ್ಲ. ಸಂಬಳ ಬಂದಿರಲಿಲ್ಲ. ಇಲ್ಲವೇ ಯುದ್ಧ ಕೊಡಿ, ಇಲ್ಲವೇ ಊರಿಗೆ ಹೋಗುತ್ತೇವೆ ಎಂದು ಕೂತರು. ಸೇನಾಪತಿ ಲೋತ್ರೆಕ್‌ಗೆ ಬೇರೆ ದಾರಿಯಿರಲಿಲ್ಲ. ತಗ್ಗಿನ ರಸ್ತೆಯಾಚೆ ಮಣ್ಣಿನ ಒಡ್ಡು, ಒಡ್ಡಿನ ಮೇಲೆ ಸಾಲು ಸಾಲು ಕೋವಿ. ಅದಕ್ಕೆ ಎದೆಯೊಡ್ಡಿ ಮೂರು ಸಾವಿರದಷ್ಟು ಜನ ಬಿದ್ದರು. ಸೈನ್ಯತಂತ್ರದ ಪುಸ್ತಕಗಳು ಇದನ್ನು ಈಟಿಯ ಮೇಲೆ ಕೋವಿಯ ಗೆಲುವು ಎನ್ನುತ್ತವೆ. ತಿಂಗಳ ಕೊನೆಯಲ್ಲಿ ಮನೆ ನಡೆಸಿದ ಯಾವ ಹೆಂಗಸಿಗಾದರೂ ತೋರಿಸಿ, ಅದು ಸಂಬಳ ತಪ್ಪಿದ ಮನೆಯ ಕಥೆ ಎಂದು ಒಂದೇ ಮಾತಿನಲ್ಲಿ ಹೇಳುತ್ತಾಳೆ. ಐದು ವರ್ಷದ ನಂತರ, 1527ರ ಮೇ ತಿಂಗಳಲ್ಲಿ, ಸಂಬಳವಿಲ್ಲದ ಐದನೆಯ ಚಾರ್ಲ್ಸನ ದಂಡು ರೋಮ್ ನಗರವನ್ನೇ ದೋಚಿತು. ಅಲ್ಲಿಯ ಹೆಂಗಸರ ಮೇಲೆ ನಡೆದದ್ದನ್ನು ನಾನು ಇಲ್ಲಿ ಬರೆಯಲಾರೆ.

ಇನ್ನು ಸಿಯೆನಾ. ಆಟದಲ್ಲಿ ಅದೊಂದು ಪುಟ್ಟ ರಾಜ್ಯ. ನಾನು ಫ್ಲಾರೆನ್ಸ್ ಹಿಡಿದು ಅದಕ್ಕೆ ಮುತ್ತಿಗೆ ಹಾಕಿದ್ದೆ. ದಾಳ ಉರುಳಿ, ತಿಂಗಳು ಕಳೆದು, ಪರದೆಯ ಮೇಲೆ 'ಆಹಾರ ಕೊರತೆ' ಎಂಬ ಮಾತು ಬಂತು. ಮುತ್ತಿಗೆ ಹಾಕಿದವರಿಗೆ ಅದು ಶುಭಸುದ್ದಿ, ಅಂಕ ಏರುತ್ತದೆ. ನಾನು ಚಪ್ಪಾಳೆ ತಟ್ಟಿದೆ. ಹೌದು, ನಾನೇ, ಮೂವತ್ತು ವರ್ಷ ಈ ಮನೆಗೆ ಅನ್ನ ಬೇಯಿಸಿದವಳು.

ನಿಜವಾದ ಸಿಯೆನಾದ ಕಥೆ ಆಮೇಲೆ ಓದಿದೆ. ಮುತ್ತಿಗೆಯ ಕಾಲದಲ್ಲಿ ಊರಿನ ರಕ್ಷಣೆ ಫ್ರೆಂಚ್ ಸೇನಾನಿ ಮೋಂಲುಕ್‌ನ ಕೈಯಲ್ಲಿತ್ತು. ಅದಕ್ಕೆ ಮೊದಲು, ಕೋಟೆ ಬಲಪಡಿಸಲು ಶುರುಮಾಡಿದಾಗ, ಊರಿನ ಹೆಂಗಸರು ಮೂರು ತಂಡ ಕಟ್ಟಿಕೊಂಡು ಗುದ್ದಲಿ, ಬುಟ್ಟಿ, ಸೌದೆಯ ಹೊರೆ ಹಿಡಿದು ಬಂದರೆಂದು ಅವನೇ ಬರೆದಿದ್ದಾನೆ. ಒಟ್ಟು ಮೂರು ಸಾವಿರ ಹೆಂಗಸರು, ಅವರಿಗೆ ಹೆಂಗಸರೇ ನಾಯಕಿಯರು, ತಂಡಕ್ಕೊಂದು ಬಣ್ಣ. ಅವರನ್ನು ಹೊಗಳಲು ಅವನಿಗೆ ಮಾತು ಸಾಲದು. ಬಿಕೋಕಾದಲ್ಲಿ ಗೆಲ್ಲಿಸಿದ್ದೂ ಮಣ್ಣಿನ ಒಡ್ಡೇ ತಾನೇ? ಮಣ್ಣು ಹೊರುವುದು ತಂತ್ರವಲ್ಲವೆ?

ಅದೇ ಮೋಂಲುಕ್, ಮುತ್ತಿಗೆ ಬಿಗಿಯಾಗಿ ದಿನಸಿ ಕರಗತೊಡಗಿದಾಗ, 'ಕೆಲಸಕ್ಕೆ ಬಾರದ ಬಾಯಿಗಳ' ಪಟ್ಟಿ ಮಾಡಿಸಿದ. ಹೆಂಗಸರು, ಮಕ್ಕಳು, ಮುದುಕರು. ಸಿರಿವಂತರ ಮನೆಯವರಲ್ಲ, ಬಡವರು. ಕೋಟೆಯ ಬಾಗಿಲು ತೆಗೆದು ಹೊರಗೆ ತಳ್ಳಿದರು. ಹೊರಗಿನ ದಂಡು ಅವರನ್ನು ದಾಟಗೊಡದೆ ಗೋಡೆಯ ಕಡೆಗೇ ಅಟ್ಟಿತು. ನಡುವೆ ಸಿಕ್ಕಿ ಸೊಪ್ಪುಸದೆ ತಿಂದು ದಿನ ದೂಡಿದರು, ಬಹಳ ಮಂದಿ ಸತ್ತರು. 1555ರ ಏಪ್ರಿಲಿನಲ್ಲಿ ಊರು ಹೇಗೂ ಶರಣಾಯಿತು.

ಇದನ್ನೆಲ್ಲ ಹೇಳಿದಾಗ ಹುಡುಗ, "ಅದನ್ನೆಲ್ಲ ಹಾಕಿದರೆ ಆಟ ಯಾರು ಆಡ್ತಾರೆ ದೊಡ್ಡಮ್ಮ?" ಅಂದ. ಫಿರಂಗಿಯನ್ನು ಎರಡನೆಯ ಸಾಲಿನಲ್ಲಿ ನಿಲ್ಲಿಸಲು ಇಷ್ಟು ತಲೆ ಓಡಿಸಿದವರಿಗೆ ಬುಟ್ಟಿ ಹೊತ್ತವಳಿಗೊಂದು ಅಂಕ ಕೊಡುವುದು ಕಷ್ಟವೇ? ಬಾಗಿಲು ತೆಗೆಯುವುದೋ ಬೇಡವೋ ಎಂಬ ನಿರ್ಧಾರವನ್ನು ಆಡುವವನ ಕೈಗೆ ಕೊಡಲಿ. ಅದಕ್ಕಿಂತ ಕಠಿಣವಾದ ತಂತ್ರ ಯಾವುದಿದೆ? ಆಗ ಅವನ ದಾಳ ಎಷ್ಟು ಸಲೀಸಾಗಿ ಉರುಳುತ್ತದೆ ನೋಡೋಣ.

ಎಲ್ಲೋ ದೂರದ ಇಟಲಿಯ ಮಾತೆಂದು ನೀವು ಪುಟ ತಿರುಗಿಸುವ ಮೊದಲು ಒಂದು ವಿಷಯ. ನಮ್ಮ ದೇಶದ 2011ರ ಜನಗಣತಿಯಲ್ಲಿ ಮನೆಗೆಲಸ ಮಾತ್ರ ಮಾಡುವವರು 'ಕೆಲಸಗಾರರಲ್ಲದವರು'. ವಿದ್ಯಾರ್ಥಿಗಳು, ಪಿಂಚಣಿದಾರರು, ಭಿಕ್ಷುಕರು ಇರುವ ಪಟ್ಟಿಯಲ್ಲೇ ನಾವೂ ಇದ್ದೇವೆ, ನಮ್ಮದು ಎರಡನೆಯ ನಂಬರು. ಹುಡುಗನಿಗೆ ತೋರಿಸಿದೆ. "ನಾನೂ ಅದರಲ್ಲೇ ಇದ್ದೀನಲ್ಲ ದೊಡ್ಡಮ್ಮ" ಅಂದ. ಇದ್ದಾನೆ ನಿಜ. ಪರೀಕ್ಷೆ ಮುಗಿದ ಮೇಲೆ ಅವನು ಆ ಪಟ್ಟಿಯಿಂದ ಆಚೆ ಬರುತ್ತಾನೆ.