ಬೈಲಕುಪ್ಪೆಗೆ ಕೊಟ್ಟದ್ದು, ನಾಗಾಪುರಕ್ಕೆ ಕೊಡದ್ದು

ಬೈಲಕುಪ್ಪೆಯ ಟಿಬೆಟಿಯನ್ನರ ಗೋಲ್ಡನ್ ಟೆಂಪಲ್ ನೋಡಿಕೊಂಡು ಬಂದವರು ಕುಶಾಲನಗರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಆಡುವ ಮಾತು ಹೆಚ್ಚುಕಡಿಮೆ ಒಂದೇ: ‘ಏನೇ ಹೇಳಿ, ಊರು ಬಿಟ್ಟು ಬಂದ್ರೂ ಆ ಜನ ತಮ್ಮತನ ಬಿಟ್ಟಿಲ್ಲ. ನಮ್ಮವರ ಮಕ್ಕಳು ಅಮೆರಿಕಕ್ಕೆ ಹೋದ ನಾಲ್ಕೇ ವರ್ಷಕ್ಕೆ ಕನ್ನಡ ಮರೀತಾರೆ.’ ಹೊಗಳಿಕೆಯ ಒಳಗೇ ಬೈಗುಳವೂ ಇದೆ. ಸಂಸ್ಕೃತಿಯನ್ನು ಉಳಿಸಿಕೊಳ್ಳುವುದು, ಬಿಡುವುದು ಆಯಾ ಜನರ ಅಭಿಮಾನಕ್ಕೆ, ಹಟಕ್ಕೆ ಸೇರಿದ್ದು ಎಂಬ ನಂಬಿಕೆ ಅದರ ಬುಡದಲ್ಲಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೇರಿದ ಹುಣಸೂರು ಉಪವಿಭಾಗದ ಚರಿತ್ರೆಯ ಮುಂದೆ ಈ ನಂಬಿಕೆ ನಿಲ್ಲುವುದಿಲ್ಲ. ಇಲ್ಲಿ ಯಾರ ನುಡಿ ಉಳಿಯಿತು, ಯಾರದ್ದು ಸೊರಗಿತು ಎಂಬುದನ್ನು ಬಹುಪಾಲು ತೀರ್ಮಾನಿಸಿದ್ದು ಕಂದಾಯ, ಶಿಕ್ಷಣ, ಅರಣ್ಯ ಇಲಾಖೆಗಳ ಕಡತಗಳು.

1959ರಲ್ಲಿ ದಲೈ ಲಾಮಾ ಲಾಸಾ ತೊರೆದಾಗ ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯ ದಾಟಿ ಬಂದರು. ಅವರಲ್ಲಿ ಬಹಳ ಮಂದಿ ಉತ್ತರದ ಗುಡ್ಡಗಾಡಿನ ರಸ್ತೆ ಕೆಲಸಗಳಲ್ಲಿ ಕಲ್ಲು ಒಡೆಯುತ್ತಿದ್ದರು. ಅವರಿಗೆ ನೆಲೆ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದದ್ದು ಮೈಸೂರು ರಾಜ್ಯ. ಟಿಬೆಟಿಯನ್ನರು ಇಂದಿಗೂ ಕೃತಜ್ಞತೆಯಿಂದ ನೆನೆಯುವ ಹೆಸರು ಎಸ್. ನಿಜಲಿಂಗಪ್ಪನವರದು. (1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಅವರ ಹೆಸರು ಈ ಕಥೆಯಲ್ಲಿ ಯಾಕೋ ಕೇಳಿಬರುವುದೇ ಇಲ್ಲ.) ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡುಭೂಮಿ ಗುತ್ತಿಗೆಗೆ ಸಿಕ್ಕಿತು. ಚಳಿನಾಡಿನ ಜನ ಇಲ್ಲಿನ ಸೆಕೆಯಲ್ಲಿ ಕಾಡು ಸವರಿ, ಆನೆ ಕಾದು, ಕಂಡೇ ಇರದ ಮುಸುಕಿನ ಜೋಳ ಬಿತ್ತಿದರು. 1969ರಲ್ಲಿ ಅಲ್ಲೇ ಎರಡನೆಯ ನೆಲೆ, 1972ರಲ್ಲಿ ಹುಣಸೂರಿನ ಗುರುಪುರದಲ್ಲಿ ಮತ್ತೊಂದು. ಸ್ವಸಹಾಯ ಗುಂಪುಗಳಿಂದಾಗಿ ನಮಗೆಲ್ಲ ಗೊತ್ತಿರುವ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ಈ ಪುನರ್ವಸತಿ ಕೆಲಸಕ್ಕಾಗಿ.

ಈ ಏರ್ಪಾಟಿನಲ್ಲಿ ನಾವು ಗಮನಿಸದ ಒಂದು ಅಂಶವಿದೆ. ಬಂದವರನ್ನು ಹತ್ತಾರು ಊರುಗಳಿಗೆ ಹಂಚಲಿಲ್ಲ, ಪೇಟೆಗಳ ಕೇರಿಗಳಿಗೆ ತಳ್ಳಲಿಲ್ಲ. ಒಂದೇ ಕಡೆ ನೆಲ, ಆ ನೆಲದ ಮೇಲೆ ಅವರದೇ ಊರುಗಳು, ಅವರದೇ ಸಹಕಾರ ಸಂಘ. ಸುತ್ತಲಿನ ಜನ ಇವತ್ತಿಗೂ ಅವನ್ನು ‘ಒಂದನೇ ಕ್ಯಾಂಪು’, ‘ನಾಕನೇ ಕ್ಯಾಂಪು’ ಎಂದೇ ಕರೆಯುತ್ತಾರೆ. ಪಕ್ಕದ ಮನೆಯವರು, ಅಂಗಡಿಯವರು, ಕಡುಗೆಂಪು ನಿಲುವಂಗಿಯ ಸನ್ಯಾಸಿ, ಎಲ್ಲರೂ ಟಿಬೆಟನ್ ಆಡುವ ಬೀದಿಯಲ್ಲಿ ಬೆಳೆದ ಮಗುವಿಗೆ ‘ಭಾಷೆ ಉಳಿಸಿಕೋ’ ಎಂದು ಯಾರೂ ಉಪದೇಶ ಮಾಡಬೇಕಿಲ್ಲ.

ಎರಡನೆಯದು ಶಾಲೆ. ಟಿಬೆಟನ್ ಮಕ್ಕಳಿಗೆ ಪ್ರತ್ಯೇಕ ಶಾಲೆ ಬೇಕೆಂದು ದಲೈ ಲಾಮಾ ಕೇಳಿದರು, ನೆಹರೂ ಒಪ್ಪಿದರು. 1961ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯಲ್ಲಿ ಅದಕ್ಕೆಂದೇ ಒಂದು ಸ್ವಾಯತ್ತ ಸಂಸ್ಥೆ ಬಂತು. ಮುಂದೆ ಕೆಳಗಿನ ತರಗತಿಗಳಲ್ಲಿ ಎಲ್ಲ ಪಾಠವನ್ನೂ ಟಿಬೆಟನ್ ಮಾಧ್ಯಮದಲ್ಲೇ ಕಲಿಸಲು, ಅದಕ್ಕೆ ತಕ್ಕ ಪಠ್ಯ ಬರೆಸಲು ಶುರುಮಾಡಿದರು. ನೆಲೆ ಕಳೆದುಕೊಂಡು ಬಂದ ಜನರಿಗೆ ಭಾರತ ಸರ್ಕಾರ ಇದನ್ನು ಕೊಟ್ಟಿತು ಎಂಬುದು ಹೆಮ್ಮೆಯ ಸಂಗತಿಯೇ. ಈ ದೇಶದ ಎಷ್ಟೋ ಸಣ್ಣ ನುಡಿಗಳಿಗೆ ಇದರ ಕಾಲುಭಾಗವೂ ಸಿಕ್ಕಿಲ್ಲ ಎಂಬುದು ಅದರ ಇನ್ನೊಂದು ಮಗ್ಗುಲು.

ಮೂರನೆಯದಾಗಿ ಮಠಗಳು ಬಂದವು. ಲಾಸಾ ಬಳಿ 1419ರಲ್ಲಿ ಸ್ಥಾಪನೆಯಾದ ಸೆರಾ ಬೈಲಕುಪ್ಪೆಯಲ್ಲಿ ಮರುಹುಟ್ಟು ಪಡೆಯಿತು. ಪೆನೋರ್ ರಿನ್‌ಪೋಚೆ 1963ರಲ್ಲಿ ಆರಂಭಿಸಿದ ನಾಮ್‌ಡ್ರೋಲಿಂಗ್‌ನಲ್ಲಿ ಇಂದು ಪ್ರವಾಸಿಗರು ನೋಡುವ ಚಿನ್ನದ ಬಣ್ಣದ ದೇವಾಲಯ ಪೂರ್ತಿಯಾಗಿದ್ದು 1999ರಲ್ಲಿ. ಗುರುಪುರದಲ್ಲಿ ಗ್ಯುಮೆ ತಾಂತ್ರಿಕ ಮಠವಿದೆ. ಅಲ್ಲಿ ಪಾರಾಯಣಕ್ಕೆ ಕೂತ ಸನ್ಯಾಸಿ ಹೊಟ್ಟೆಯ ಆಳದಿಂದ ಎತ್ತುವ ಗುಡುಗಿನಂಥ ದನಿಯ ಮೇಲೆಯೇ ಮತ್ತೊಂದು ತೆಳು ಸ್ವರ ತೇಲುತ್ತದೆ. ಒಂದೇ ಗಂಟಲಿನ ಎರಡು ಸ್ವರ ಅದು. ವರ್ಷಗಟ್ಟಲೆ ಗುರುವಿನ ಎದುರು ಕೂರದೆ ಬರುವ ವಿದ್ಯೆಯಲ್ಲ. ಕೂರಲು ಜಾಗ, ಉಣ್ಣಲು ಅನ್ನ, ಕಲಿಸಲು ಗುರು ಮೂರೂ ಒಂದೇ ಆವರಣದಲ್ಲಿ ಇರುವುದರಿಂದ ಅದು ಹುಣಸೂರು ತಾಲ್ಲೂಕಿನಲ್ಲಿ ಬದುಕಿದೆ.

ಹಾಗೆಂದು ಅಲ್ಲಿ ಎಲ್ಲವೂ ಇದ್ದ ಹಾಗೇ ಇದೆ ಎಂದಲ್ಲ. ಹಳೆಯ ಟಿಬೆಟ್ ಹೆಂಗಸರಿಗೆ ಎಂದೂ ಕೊಡದಿದ್ದ ‘ಗೆಶೆ’ ಎಂಬ ಮಠದ ವಿದ್ವತ್ ಪದವಿಯನ್ನು, ‘ಗೆಶೆಮಾ’ ಎಂಬ ಹೆಸರಿನಲ್ಲಿ, 20 ಸನ್ಯಾಸಿನಿಯರು ಮೊದಲ ಬಾರಿಗೆ ಪಡೆದದ್ದು 2016ರ ಡಿಸೆಂಬರ್‌ನಲ್ಲಿ, ನಮ್ಮ ಮುಂಡಗೋಡದ ಟಿಬೆಟನ್ ನೆಲೆಯಲ್ಲಿ. ವಲಸೆ ಹೋದವರು ಸಂಪ್ರದಾಯವನ್ನು ಹುಟ್ಟೂರಿನವರಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ ಎನ್ನುವವರು ಈ ಉದಾಹರಣೆಯನ್ನು ನೆನಪಿಡಬೇಕು.

‘ಅರವತ್ತು ವರ್ಷ ಆಯ್ತು, ಕನ್ನಡ ಕಲಿತರಾ?’ ಎಂಬ ದೂರು ಈ ಭಾಗದಲ್ಲಿ ಆಗಾಗ ಏಳುತ್ತದೆ. ಹೊಲಕ್ಕೆ ಕೂಲಿಗೆ ಬರುವವರ ಜೊತೆ, ಕುಶಾಲನಗರದ ಸಂತೆಯಲ್ಲಿ, ಹಿರಿಯರು ಮುರುಕು ಕನ್ನಡದಲ್ಲೇ ವ್ಯವಹಾರ ನಡೆಸಿಕೊಂಡು ಬಂದಿದ್ದಾರೆ. ಇಂಗ್ಲಿಷ್, ಹಿಂದಿಯಲ್ಲಿ ಓದಿದ ಕಿರಿಯರಿಗೆ ಅಷ್ಟೂ ಬೇಕಾಗಿಲ್ಲ. ದೂರಿನಲ್ಲಿ ಹುರುಳಿದೆ, ಆದರೆ ಅದನ್ನು ಹೇಳಬೇಕಾದದ್ದು ಅವರಿಗಲ್ಲ. ಕರ್ನಾಟಕದ ನೆಲದಲ್ಲಿರುವ ಆ ಶಾಲೆಗಳಿಗೆ ಒಬ್ಬೊಬ್ಬ ಕನ್ನಡ ಮೇಷ್ಟರನ್ನು ಒದಗಿಸುವುದು ರಾಜ್ಯಕ್ಕೆ ಭಾರವಾಗುವಂಥ ಕೆಲಸವಾಗಿರಲಿಲ್ಲ.

ವಲಸೆ ಬಂದು ನೆಲೆನಿಂತವರು ಈ ಭಾಗಕ್ಕೆ ಹೊಸಬರಲ್ಲ. ಚೋಳರ ಕಾಟ ತಾಳದೆ ಹೊರಟ ರಾಮಾನುಜರು ತಂಗಿದ ಸಾಲಿಗ್ರಾಮ ಕೆ.ಆರ್. ನಗರದ ಮಗ್ಗುಲಲ್ಲೇ ಇದೆ. ಪಿರಿಯಾಪಟ್ಟಣ ತಾಲ್ಲೂಕಿನದೇ ಬೆಟ್ಟದಪುರ ಸಂಕೇತಿಗಳ ಊರು. ತಮಿಳುನಾಡಿನ ಸೆಂಗೋಟೈ ಕಡೆಯಿಂದ ನಾಚಾರಮ್ಮನೆಂಬ ವಿದುಷಿಯ ಹಿಂದೆ ಹೊರಟು ಬಂದವರು ತಾವು ಎಂಬುದು ಅವರ ಐತಿಹ್ಯ. ತಮಿಳು-ಮಲಯಾಳದ ಬೇರಿನ ಮೇಲೆ ಕನ್ನಡ ಹಬ್ಬಿಕೊಂಡ ಮಾತು ಅವರದು. ಲಿಪಿ ಇಲ್ಲ, ಬರೆಯಬೇಕಾದರೆ ಕನ್ನಡ ಅಕ್ಷರ. ಅವರಿಗೆ ಪ್ರತ್ಯೇಕ ಶಾಲೆ ಇರಲಿಲ್ಲ, ಸರ್ಕಾರದ ನೆರವೂ ಇರಲಿಲ್ಲ. ಆದರೂ ಶತಮಾನಗಳ ಕಾಲ ಆ ಮಾತು ಉಳಿಯಿತು, ಯಾಕೆಂದರೆ ಅಗ್ರಹಾರ ಉಳಿದಿತ್ತು, ತೋಟ ಉಳಿದಿತ್ತು, ಹೆಣ್ಣು ಕೊಟ್ಟು ತರುವುದು ತಮ್ಮೊಳಗೇ ನಡೆಯುತ್ತಿತ್ತು. ಅಗ್ರಹಾರ ಖಾಲಿಯಾಗಿ ಬೆಂಗಳೂರು, ಕ್ಯಾಲಿಫೋರ್ನಿಯಾ ಸೇರಿದ ಮನೆಗಳಲ್ಲಿ ಈಗ ಅಜ್ಜಿ ಫೋನ್ ಮಾಡಿದಾಗ ಮಾತ್ರ ಸಂಕೇತಿ ಕೇಳಿಸುತ್ತದೆ. ಅಭಿಮಾನವೇನೂ ಕಡಿಮೆಯಾಗಿಲ್ಲ. ಒಟ್ಟಿಗೆ ಬದುಕುವ ಊರು ಹೋಯಿತು, ಅಷ್ಟೆ.

ಬೈಲಕುಪ್ಪೆಗೆ ಈಗ ಎದುರಾಗಿರುವುದೂ ಇದೇ. ಅದರ ಮೂಲ ಕಾನೂನಿನಲ್ಲೇ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತೀಯರು ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು, 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಆಮೇಲೆ 2017ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟ್ ಕೊಡಲು ಷರತ್ತು ಹಾಕಿತು: ನಿರಾಶ್ರಿತರ ನೋಂದಣಿ ಪತ್ರವನ್ನು ಒಪ್ಪಿಸಬೇಕು, ನಿರಾಶ್ರಿತರಿಗೆ ಸಿಗುವ ಸೌಲಭ್ಯ ಬಿಡಬೇಕು, ಕ್ಯಾಂಪಿನಲ್ಲಿ ವಾಸ ಇರಬಾರದು. ಭಾರತೀಯನಾಗಬೇಕಾದರೆ ಊರು ಬಿಡು, ಊರಲ್ಲೇ ಇರಬೇಕಾದರೆ ಪರದೇಶಿಯಾಗಿಯೇ ಇರು ಎಂದಂತಾಯಿತು. 2014ರ ಪುನರ್ವಸತಿ ನೀತಿ ಗುತ್ತಿಗೆಯನ್ನು ಭದ್ರಪಡಿಸಿತೇನೋ ನಿಜ. ಆದರೆ ಗುತ್ತಿಗೆ ಜಮೀನಿನ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ, ನೋಂದಣಿ ಪತ್ರ ಇಟ್ಟುಕೊಂಡವರಿಗೆ ಸರ್ಕಾರಿ ನೌಕರಿಯೂ ಇಲ್ಲ. ಓದಿದ ಹುಡುಗರು ಟೊರಾಂಟೊ, ನ್ಯೂಯಾರ್ಕ್ ಹಾದಿ ಹಿಡಿಯುತ್ತಾರೆ. 2009ರಲ್ಲಿ ದೇಶಭ್ರಷ್ಟ ಟಿಬೆಟ್ ಆಡಳಿತವೇ ನಡೆಸಿದ ಎಣಿಕೆಯಲ್ಲಿ ಭಾರತದಲ್ಲಿದ್ದವರು ಸುಮಾರು 94,000. ಆ ಸಂಖ್ಯೆ ಅಲ್ಲಿಂದೀಚೆ ಇಳಿಯುತ್ತಲೇ ಇದೆ. 2008ರ ನಂತರ ಗಡಿ ಬಿಗಿಯಾಗಿ ಟಿಬೆಟ್‌ನಿಂದ ಬರುವವರೂ ನಿಂತುಹೋದಂತೆಯೇ. ಮಠಗಳ ಸಾಲಿನಲ್ಲಿ ಇಂದು ಲಡಾಖ್, ಸ್ಪಿತಿ, ಅರುಣಾಚಲ, ನೇಪಾಳ, ಭೂತಾನದ ಹುಡುಗರು ಹೆಚ್ಚುತ್ತಿದ್ದಾರೆ. ವಿದ್ಯೆ ಉಳಿದೀತು. ಅದನ್ನು ಹೊತ್ತು ತಂದವರ ಮೊಮ್ಮಕ್ಕಳ ಊರು ಉಳಿಯುವುದೇ ಎಂಬುದು ಬೇರೆ ಪ್ರಶ್ನೆ. ಕನ್ನಡದ ನಡುವೆ ಅರವತ್ತು ವರ್ಷ ಕರಗದ ಜನ ಟೊರಾಂಟೊದ ಅಪಾರ್ಟ್‌ಮೆಂಟುಗಳಲ್ಲಿ ಕರಗಿದರೆ ಅದರಲ್ಲಿ ನಮ್ಮ ಪೌರತ್ವ ನೀತಿಯ ಪಾಲೂ ಇರುತ್ತದೆ.

ಇನ್ನು ಗುರುಪುರ ಕ್ಯಾಂಪು ಇರುವ ಹುಣಸೂರು ತಾಲ್ಲೂಕಿನಲ್ಲೇ ಇರುವ ನಾಗಾಪುರಕ್ಕೆ ಬರೋಣ. ಇದೂ ಪುನರ್ವಸತಿ ಕೇಂದ್ರವೇ. ನಾಗರಹೊಳೆ ಕಾಡಿನಿಂದ ಹೊರಗೆ ತಂದ ಜೇನುಕುರುಬರು ಮತ್ತಿತರ ಆದಿವಾಸಿಗಳಿಗೆ ಸರ್ಕಾರ ಕಟ್ಟಿಕೊಟ್ಟದ್ದು. ಇವರು ಯಾವ ಗಡಿಯನ್ನೂ ದಾಟಿ ಬಂದವರಲ್ಲ, ಆದರೂ ವಲಸಿಗರಾದರು. 1970ರ ದಶಕದಿಂದ ಕಬಿನಿ ಜಲಾಶಯ, ರಾಷ್ಟ್ರೀಯ ಉದ್ಯಾನ, ಹುಲಿ ಯೋಜನೆ ಎಂದು ಒಂದಾದ ಮೇಲೊಂದು ಕಾರಣಕ್ಕೆ ಎಚ್.ಡಿ. ಕೋಟೆ, ಹುಣಸೂರು ಕಾಡಿನ ಹಾಡಿಗಳು ಒಕ್ಕಲೆದ್ದವು. ಕೆಲವರಿಗೆ ಮನೆ, ಜಮೀನು ಸಿಕ್ಕಿತು. ಬಹಳ ಮಂದಿ ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದರು.

ಟಿಬೆಟಿಯನ್ನರಿಗೆ ಕೊಟ್ಟ ಪ್ಯಾಕೇಜನ್ನು ಇದರ ಪಕ್ಕ ಇಟ್ಟು ನೋಡಿ. ಅಲ್ಲಿ ತಾಯ್ನುಡಿಯ ಶಾಲೆ. ಇಲ್ಲಿ ಗಿರಿಜನ ಆಶ್ರಮ ಶಾಲೆಯಲ್ಲಿ ಮೊದಲ ದಿನದಿಂದಲೇ ಪಠ್ಯದ ಕನ್ನಡ. ಜೇನುನುಡಿ ಆಡುವ ಮಗು ಮೇಷ್ಟರ ಕನ್ನಡಕ್ಕೆ ಕಕ್ಕಾಬಿಕ್ಕಿಯಾಗಿ ಕೂತರೆ ‘ಇವು ಕಲಿಯಲ್ಲ’ ಎಂಬ ಷರಾ. ಅಲ್ಲಿ ಮಠವನ್ನು ಮರಳಿ ಕಟ್ಟಿಕೊಳ್ಳಲು ನೆಲ. ಇಲ್ಲಿ ದೇವರು, ಹಿರಿಯರ ಗೋರಿ, ಜೇನು ಕಟ್ಟುವ ಮರ ಎಲ್ಲವೂ ಬೇಲಿಯ ಆಚೆ, ಪೂಜೆಗೆ ಹೋಗಬೇಕಾದರೂ ಗಾರ್ಡಿನ ಅಪ್ಪಣೆ. ಅಲ್ಲಿ ಮುಖಂಡರ ಮಾತಿಗೆ ಪ್ರಧಾನಿ ಕಿವಿಗೊಟ್ಟರು. ಇಲ್ಲಿ ಹಾಡಿಯ ಯಜಮಾನನ ಮಾತನ್ನು ಯೋಜನೆ ಬರೆದವರು ಕೇಳಿದರೆಂಬುದಕ್ಕೆ ಮನೆಗಳ ಸಾಲು ನೋಡಿದರೆ ಸಾಕ್ಷಿ ಸಿಗುವುದಿಲ್ಲ.

ಜೇನುಕುರುಬರ ವಿದ್ಯೆಯನ್ನು ರಾಜ್ಯ ಗುರುತಿಸುವುದೇ ಇಲ್ಲ ಎನ್ನುವಂತೆಯೂ ಇಲ್ಲ. ಪ್ರತಿವರ್ಷ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ದಸರಾ ಆನೆಗಳ ಗಜಪಯಣ ಹೊರಡುತ್ತದೆ, ಸಚಿವರು ಹೂವು ಎರಚುತ್ತಾರೆ. ಆ ಆನೆಗಳ ಮಾವುತರು, ಕಾವಾಡಿಗಳಲ್ಲಿ ಹೆಚ್ಚಿನವರು ಇದೇ ಹಾಡಿಗಳವರು. ದಸರಾ ಮುಗಿಯುವವರೆಗೆ ಅವರ ಮಕ್ಕಳಿಗಾಗಿ ಮೈಸೂರು ಅರಮನೆ ಅಂಗಳದಲ್ಲಿ ತಾತ್ಕಾಲಿಕ ಶಾಲೆಯೂ ನಡೆಯುತ್ತದೆ. ಕಾಯಂ ಶಾಲೆಯಲ್ಲಿ ಅವರ ನುಡಿಗೆ ಜಾಗವಿಲ್ಲ.

ಟಿಬೆಟಿಯನ್ನರಿಗೆ ಕೊಟ್ಟದ್ದು ಹೆಚ್ಚಾಯಿತು ಎಂದು ಇದನ್ನು ಓದಿದರೆ ತಪ್ಪು. ಅಲ್ಲಿ ಮಾಡಿದ್ದು ಸರಿಯಿತ್ತು, ಫಲವೂ ಕಣ್ಣೆದುರಿಗಿದೆ. ಅದನ್ನೇ ಇಲ್ಲಿ ಮಾಡಲು ಹೊಸ ಕಾನೂನೇನೂ ಬೇಡ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ರಾಜ್ಯ ಒಪ್ಪಲಿ, ಬಿಡಲಿ, ಮೊದಲ ತರಗತಿಗಳು ಮನೆಮಾತಿನಲ್ಲಿರಬೇಕು ಎಂಬುದಕ್ಕೆ ಯಾರ ತಕರಾರೂ ಇಲ್ಲ. ಹಾಡಿಯಲ್ಲೇ ಓದಿ ಬೆಳೆದ ಯುವಕ ಯುವತಿಯರಿದ್ದಾರೆ, ಒಂದು, ಎರಡನೇ ತರಗತಿಗೆ ಅವರನ್ನು ನೇಮಿಸಬಹುದು. ಸಮುದಾಯದ ಹಕ್ಕುಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಇದೆ. ಅದರ ಅರ್ಜಿಗಳು ಬಂದು ನಿಲ್ಲುವುದು ಹುಣಸೂರಿನ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಸಮಿತಿಯ ಮುಂದೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಅರ್ಜಿದಾರರಿಗೆ ಬರಹದಲ್ಲಿ ತಿಳಿಸಬೇಕೆಂದು 2012ರ ತಿದ್ದುಪಡಿ ನಿಯಮ ಹೇಳುತ್ತದೆ. ಆ ಕಾಗದಗಳನ್ನು ಹಾಡಿಗಳಿಗೆ ತಲುಪಿಸುವುದರಿಂದ ಕೆಲಸ ಶುರುವಾಗಲಿ.