ರೋಗಾಣು ಕಳಿಸುವ ವಿಷದ ಗಂಟು

ಮಳೆಗಾಲ ಬಂದಿತೆಂದರೆ ಮನ್ನಾಏಖೇಳ್ಳಿ, ಹುಮನಾಬಾದ್, ಬಸವಕಲ್ಯಾಣದ ಸುತ್ತಲಿನ ಊರುಗಳಿಗೆ ವಾಂತಿಭೇದಿಯ ಭಯವೂ ಬರುತ್ತದೆ. ಅಂಥ ಹೊತ್ತಿನಲ್ಲಿ ನಮ್ಮಲ್ಲಿ ಅನೇಕರು ಔಷಧದ ಅಂಗಡಿಗೆ ಹೋಗಿ ‘ಭೇದಿ ನಿಲ್ಲುವ ಗುಳಿಗೆ’ ಕೇಳಿ ತರುತ್ತಾರೆ. ಎರಡು ದಿನ ನುಂಗಿ, ಗುಣವೆನಿಸಿದೊಡನೆ ಉಳಿದುದನ್ನು ಮುಂದಿನ ಸಲಕ್ಕೆಂದು ಎತ್ತಿಡುತ್ತಾರೆ. ಈ ರೂಢಿಯನ್ನು ನಾವು ಬಿಡಲೇಬೇಕು. ಏಕೆಂಬುದನ್ನು ಅರಿಯಲು ರೋಗಾಣುಗಳ ಒಂದು ಗುಟ್ಟನ್ನು ತಿಳಿಯುವುದು ಒಳಿತು.

ರೋಗಾಣು ತಾನೇ ಬಂದು ಅಂಟಿಕೊಂಡರೆ ಮಾತ್ರ ಕೇಡು ಎಂದು ನಾವು ಭಾವಿಸುತ್ತೇವೆ. ನಿಜಸ್ಥಿತಿ ಹಾಗಿಲ್ಲ. 1967ರಲ್ಲಿ ಕಲ್ಕತ್ತೆಯ ವಿಜ್ಞಾನಿಗಳಾದ ಎಸ್. ಎನ್. ಚಟರ್ಜಿ ಮತ್ತು ಜೆ. ದಾಸ್ ಅವರು ಕಾಲರಾ ಬ್ಯಾಕ್ಟೀರಿಯಾವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅದರ ಹೊರಪೊರೆ ಅಲ್ಲಲ್ಲಿ ಉಬ್ಬಿ, ಗುಳ್ಳೆಯಾಗಿ, ಕಳಚಿಕೊಳ್ಳುವುದು ಕಂಡಿತು. ಈ ಗುಳ್ಳೆಗಳಿಗೆ ವೆಸಿಕಲ್ ಎಂದು ಹೆಸರು. ಒಂದೊಂದೂ ಸುಮಾರಾಗಿ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಗಾತ್ರದ ಚೀಲ. ಅದರೊಳಗೆ ವಿಷವಿರಬಹುದು, ಕಿಣ್ವವಿರಬಹುದು, ವಂಶವಾಹಿಯ ತುಣುಕೂ ಇರಬಹುದು. ಕಾಲರಾ ಬ್ಯಾಕ್ಟೀರಿಯಾ ತನ್ನ ವಿಷದ ಒಂದು ಭಾಗವನ್ನು ಇಂಥ ಗಂಟುಗಳಲ್ಲಿ ಕಟ್ಟಿ ಕಳಿಸುತ್ತದೆ. ಗಂಟು ಕರುಳಿನ ಜೀವಕೋಶವನ್ನು ಸೇರಿ ಬಿಚ್ಚಿಕೊಳ್ಳುತ್ತದೆ. ರೋಗಾಣು ದೂರವೇ ಇರುತ್ತದೆ.

ಶಿಲೀಂಧ್ರಗಳದೂ ಇದೇ ನಡೆ. ಅವುಗಳ ಕೋಶಭಿತ್ತಿ ದಪ್ಪವಾದುದರಿಂದ ಚೀಲಗಳು ಹೊರಬರಲಾರವು ಎಂಬ ಭಾವನೆ ಬಹುಕಾಲ ಇತ್ತು. ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದ ಮೇಲೆ 2007ರಲ್ಲಿ ಪ್ರಕಟವಾದ ಸಂಶೋಧನೆ ಅದನ್ನು ಅಲ್ಲಗಳೆಯಿತು. ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಈ ಶಿಲೀಂಧ್ರವು ದೇಹಬಲ ಕುಂದಿದವರ ಶ್ವಾಸಕೋಶ, ಮಿದುಳುಗಳನ್ನು ಬಾಧಿಸುತ್ತದೆ. ಆದುದರಿಂದ ಗುಡಿ, ಮಠಗಳ ಗೋಪುರ ಮತ್ತು ಮಾಳಿಗೆಯ ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸದೆ, ನೀರು ಚಿಮುಕಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ತೆಗೆಯಬೇಕು.

ಇನ್ನು ಗುಳಿಗೆಯ ಮಾತು. ಪ್ರತಿಜೀವಕ ಔಷಧವು ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು. ಆಗಲೇ ಜೀವಕೋಶ ಹೊಕ್ಕ ವಿಷವನ್ನು ಹಿಂದೆಗೆಯಲಾರದು. ಅದಕ್ಕಿಂತ ಗಂಭೀರವಾದ ಸಂಗತಿ ಮತ್ತೊಂದಿದೆ. ಪೆನಿಸಿಲಿನ್ ಬಗೆಯ ಔಷಧವನ್ನು ಒಡೆದುಹಾಕುವ ಕಿಣ್ವವನ್ನು ಕೆಲವು ಬ್ಯಾಕ್ಟೀರಿಯಾಗಳು ಇದೇ ಚೀಲಗಳಲ್ಲಿ ತುಂಬಿ ಹೊರಬಿಡುತ್ತವೆ. ಆಗ ಆ ಶಕ್ತಿಯಿಲ್ಲದ ನೆರೆಯ ಬ್ಯಾಕ್ಟೀರಿಯಾವೂ ಔಷಧದಿಂದ ಪಾರಾಗುತ್ತದೆ. ಬೇಡದ ಗುಳಿಗೆ, ಅರ್ಧಕ್ಕೆ ಬಿಟ್ಟ ಗುಳಿಗೆ ಇಂಥ ಬಲಿಷ್ಠ ರೋಗಾಣುಗಳನ್ನೇ ಆರಿಸಿ ಬೆಳೆಸುತ್ತವೆ. ನುಂಗಿದವನು ಒಬ್ಬ, ಮುಂದೆ ಔಷಧ ನಾಟದೆ ನರಳುವವರು ಅವನ ಮನೆಯ ಕೂಸು, ನೆರೆಮನೆಯ ಬಾಣಂತಿ.

‘ಬಡವನಿಗೆ ದವಾಖಾನೆ ದೂರ, ಅಂಗಡಿ ಹತ್ತಿರ’ ಎಂದು ಕೆಲವರು ಹೇಳುವುದುಂಟು. ಆ ಮಾತಿನಲ್ಲಿ ಸತ್ಯವಿದೆ. ಆದರೆ ಭೇದಿಯಲ್ಲಿ ಜೀವ ಹೋಗುವುದು ಬಹುಪಾಲು ದೇಹದ ನೀರು, ಲವಣಗಳು ಬರಿದಾಗುವುದರಿಂದ. ಅದಕ್ಕೆ ಮದ್ದು ಹತ್ತಿರವೇ ಇದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಕುಡಿಸಿಯೇ ಅಸಂಖ್ಯ ಜನರನ್ನು ಉಳಿಸಿದರು. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಬೆರೆಸಬೇಕು. ಪೊಟ್ಟಣ ಸಿಗದಿದ್ದರೆ ಅಷ್ಟೇ ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದನ್ನು ಕುಡಿಸುತ್ತಲೇ ರೋಗಿಯನ್ನು ವೈದ್ಯರ ಬಳಿಗೆ ಒಯ್ಯಬೇಕು. ಪ್ರತಿಜೀವಕ ಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಣಯಿಸಲಿ. ಬೇಕೆಂದರೆ ಹೇಳಿದಷ್ಟೂ ದಿನ ತಪ್ಪದೆ ಸೇವಿಸಬೇಕು. ಗುಳಿಗೆಯ ಪಟ್ಟಿಯ ಮೇಲಿನ ಕೆಂಪು ಗೆರೆ, ವೈದ್ಯರ ಚೀಟಿಯಿಲ್ಲದೆ ಇದನ್ನು ಕೊಳ್ಳಬಾರದೆಂಬ ಎಚ್ಚರಿಕೆ.

ಎಲ್ಲಕ್ಕೂ ಮೂಲ ನೀರು. 2022ರಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ನಲ್ಲಿಯ ಪೈಪು ಚರಂಡಿಯಲ್ಲಿ ಹಾದುಹೋಗುತ್ತಿದ್ದರೆ ಗ್ರಾಮ ಪಂಚಾಯತಿಯನ್ನು ಕೇಳುವುದು ನಮ್ಮ ಹಕ್ಕು. ಜಾತ್ರೆ, ದಾಸೋಹಗಳಲ್ಲಿ ಕುಡಿಯುವ ನೀರಿಗೆ ಕ್ಲೋರಿನ್ ಹಾಕಿಸುವುದು, ಉದ್ದ ಹಿಡಿಕೆಯ ಪಾತ್ರೆಯಿಂದಲೇ ನೀರು ತೆಗೆಯುವುದು, ಬಡಿಸುವವರು ಸಾಬೂನಿನಿಂದ ಕೈ ತೊಳೆಯುವುದು ನಮ್ಮ ಕರ್ತವ್ಯ. ಅನ್ನ ನೀಡುವ ಕೈಯಿಂದ ರೋಗ ಹರಡಿದರೆ ಆ ದಾಸೋಹ ಪೂರ್ಣವಾಗದು. ಸದ್ಭಕ್ತರು ಈ ಮಳೆಗಾಲಕ್ಕೆ ಮುನ್ನವೇ ತಮ್ಮ ಮನೆಯಲ್ಲಿ ಎತ್ತಿಟ್ಟ ಅರೆಬರೆ ಗುಳಿಗೆಗಳನ್ನು ತೆಗೆದು, ಆ ಜಾಗದಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣಗಳನ್ನು ಇಡಲಿ.